ಮನೆ ರಿನೋವೇಶನ್: ಯೋಜನೆ ಮತ್ತು ಬಜೆಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದ್ದ ಮನೆಯನ್ನು ಹೊಸದು ಮಾಡಿಕೊಳ್ಳುವ ಲೆಕ್ಕ ಹೊಸ ಮನೆ ಕಟ್ಟುವ ಲೆಕ್ಕಕ್ಕಿಂತ ಕಷ್ಟ. ಗೋಡೆ ಒಡೆಯುವ ತನಕ ಒಳಗೆ ಏನಿದೆ ಅಂತ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಈ ಕೆಲಸಕ್ಕೆ ಕೈ ಹಾಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ: ನೀರು, ವಿದ್ಯುತ್, ಗಟ್ಟಿತನ ಈ ಮೂರಕ್ಕೆ ಮೊದಲು ದುಡ್ಡು ಹೋಗಬೇಕು. ಅಂದಚೆಂದ ಆಮೇಲೆ.

ಎಲ್ಲಿಂದ ಶುರು ಮಾಡಬೇಕು?

ಒಂದು ನೋಟ್‌ಬುಕ್ ಮತ್ತು ಅಳತೆ ಟೇಪಿನಿಂದ. ಒಂದೊಂದೇ ಕೋಣೆಗೆ ಹೋಗಿ, ದಿನಾ ಏನು ತೊಂದರೆ ಆಗುತ್ತಿದೆ ಅಂತ ಬರೆಯಿರಿ. "ಅಡುಗೆಮನೆ ಚೆನ್ನಾಗಿಲ್ಲ" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಇಬ್ಬರು ನಿಂತರೆ ಕೆಳಗಿನ ಕಪಾಟಿನ ಬಾಗಿಲು ತೆಗೆಯಲು ಆಗಲ್ಲ", "ಸಿಂಕ್ ಹತ್ತಿರ ಬೆಳಕಿಲ್ಲ" ಅಂತ ಬರೆದರೆ ಅದಕ್ಕೆ ಪರಿಹಾರ ಹುಡುಕಬಹುದು. ಮನೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಪಟ್ಟಿ ತಾವೇ ಬರೆಯಲಿ. ವಯಸ್ಸಾದವರು ಬಾತ್‌ರೂಮಿನ ಮೆಟ್ಟಿಲ ಬಗ್ಗೆ ಬಾಯಿಬಿಟ್ಟು ಹೇಳದೆ ಇರಬಹುದು, ಕೇಳಿದರೆ ಹೇಳುತ್ತಾರೆ.

ಆಮೇಲೆ ಮನೆಯ ಅಳತೆ. ಉದ್ದ, ಅಗಲ, ಎತ್ತರ, ಬಾಗಿಲು ಯಾವ ಕಡೆ ತೆರೆಯುತ್ತದೆ, ಕಿಟಕಿ ನೆಲದಿಂದ ಎಷ್ಟು ಮೇಲಿದೆ, ಸ್ವಿಚ್, ನಲ್ಲಿ, ನೀರು ಹೋಗುವ ಜಾಲಿ ಎಲ್ಲೆಲ್ಲಿವೆ, ಎಲ್ಲವನ್ನೂ ಒಂದು ಕಚ್ಚಾ ನಕ್ಷೆಯಲ್ಲಿ ಗುರುತು ಮಾಡಿ. ಈ ಎರಡು ಕಾಗದ ಕೈಗೆ ಬರುವ ತನಕ ಟೈಲ್ಸ್ ಅಂಗಡಿಗೆ ಹೋಗಬೇಡಿ ಅನ್ನುವುದು ನನ್ನ ಸಲಹೆ. ಅಂಗಡಿಯಲ್ಲಿ ಕಂಡದ್ದೆಲ್ಲ ಬೇಕು ಅನ್ನಿಸುತ್ತದೆ, ಬಜೆಟ್ ಅಲ್ಲೇ ದಾರಿ ತಪ್ಪುತ್ತದೆ.

ಪಟ್ಟಿ ಉದ್ದ ಇದೆ, ಹಣ ಕಡಿಮೆ ಇದೆ. ಯಾವುದನ್ನು ಬಿಡುವುದು?

ಬಿಡಬಾರದ್ದು ಯಾವುದು ಅಂತ ಮೊದಲು ನೋಡೋಣ. ತಾರಸಿ ಸೋರುತ್ತಿದ್ದರೆ, ಗೋಡೆಯೊಳಗೆ ಪೈಪ್ ಒಸರುತ್ತಿದ್ದರೆ, ವೈರಿಂಗ್ ಹಳೆಯದಾಗಿ ಬಿಸಿಯಾಗುತ್ತಿದ್ದರೆ, ಬೀಮಿನಿಂದ ಸಿಮೆಂಟ್ ಉದುರುತ್ತಿದ್ದರೆ, ಅದೇ ಮೊದಲ ಕೆಲಸ. ಸೋರುವ ತಾರಸಿಯ ಕೆಳಗೆ ಹೊಸ ಫಾಲ್ಸ್ ಸೀಲಿಂಗ್ ಹಾಕಿದರೆ ಒಂದೇ ಮಳೆಗೆ ಎರಡೂ ಹಾಳು.

ಎರಡನೆಯದು, ಆಮೇಲೆ ಮಾಡಲು ಹೋದರೆ ಮುಗಿದ ಕೆಲಸವನ್ನೇ ಒಡೆಯಬೇಕಾಗುವಂಥದ್ದು. ಪೈಪ್, ವೈರ್, ಎಸಿ ಪೈಪಿನ ದಾರಿ, ನೆಲದ ಮಟ್ಟ, ಕಿಟಕಿ ಚೌಕಟ್ಟು ಎಲ್ಲ ಈ ಗುಂಪಿಗೆ ಸೇರುತ್ತವೆ. ಈಗ ಎಸಿ ಕೊಳ್ಳಲು ದುಡ್ಡಿಲ್ಲದಿದ್ದರೂ ಪರವಾಗಿಲ್ಲ. ಅದರ ವೈರ್ ಮತ್ತು ನೀರು ಹೋಗುವ ಪೈಪ್ ಮಾತ್ರ ಈಗಲೇ ಗೋಡೆಯೊಳಗೆ ಹಾಕಿಸಿಡಿ.

ವಾರ್ಡ್‌ರೋಬ್, ಟಿವಿ ಯೂನಿಟ್, ಅಲಂಕಾರದ ದೀಪ, ಪರದೆ, ಸೋಫಾ ಇವನ್ನೆಲ್ಲ ಮುಂದಕ್ಕೆ ಹಾಕಬಹುದು. ಮುಂದಿನ ವರ್ಷ ಮಾಡಿಸಿದರೂ ಯಾರೂ ಗೋಡೆ ಒಡೆಯಬೇಕಾಗಿಲ್ಲ. ಹಣ ಸಾಲದಾಗ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಗುಣಮಟ್ಟ ಇಳಿಸುವ ಆಸೆ ಬರುತ್ತದೆ. ಅದಕ್ಕಿಂತ ಎರಡು ಕೋಣೆಯನ್ನು ಮುಟ್ಟದೆ ಬಿಟ್ಟು, ಉಳಿದದ್ದನ್ನು ಸರಿಯಾಗಿ ಮಾಡಿಸುವುದು ಎಷ್ಟೋ ಮೇಲು.

ಗೋಡೆಯಲ್ಲಿ ತೇವ ಇದೆ. ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸಾಕಲ್ವಾ?

ತೇವ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಹೊಡೆದರೆ ಸಾಕಾಗುವುದಿಲ್ಲ. ನೀರು ಗೋಡೆಯೊಳಗೇ ಉಳಿಯುತ್ತದೆ, ಕೆಲವು ತಿಂಗಳಲ್ಲಿ ಬಣ್ಣ ಗುಳ್ಳೆ ಎದ್ದು ಉದುರುತ್ತದೆ.

ನೀರು ಬರುವ ದಾರಿಗಳು ಕೆಲವೇ. ನೆಲದಿಂದ ಮೇಲಕ್ಕೆ ಹತ್ತುವ ತೇವ ಗೋಡೆಯ ಕೆಳಭಾಗದಲ್ಲಿ ಪಟ್ಟಿಯಂತೆ ಕಾಣುತ್ತದೆ, ಬಿಳಿ ಉಪ್ಪು ಬಿಡುತ್ತದೆ. ಹೊರಗೋಡೆಯ ಬಿರುಕಿನಿಂದ ಬರುವುದು ಮಳೆ ಬಂದಾಗ ಮಾತ್ರ ಜಾಸ್ತಿಯಾಗುತ್ತದೆ. ಮಳೆ ಇರಲಿ ಬಿಡಲಿ, ವರ್ಷವಿಡೀ ಒಂದೇ ಜಾಗದಲ್ಲಿ ಒದ್ದೆ ಇದ್ದರೆ ಪೈಪ್ ಅಥವಾ ಪಕ್ಕದ ಬಾತ್‌ರೂಮನ್ನು ಅನುಮಾನಿಸಿ. ಗಾಳಿಯಾಡದ ಕೋಣೆಯ ತಣ್ಣನೆಯ ಗೋಡೆಯ ಮೇಲೆ ಗಾಳಿಯ ತೇವವೇ ಹನಿಯಾಗಿ ಕೂರುವುದೂ ಉಂಟು.

ಇದನ್ನು ತಿಳಿಯಲು ಸುಲಭದ ಒಂದು ಪರೀಕ್ಷೆ ಇದೆ. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಹೊರಮೈ ಮೇಲೆ ಕೂತಿದ್ದರೆ ತೇವ ಕೋಣೆಯ ಗಾಳಿಯದ್ದು, ಕಿಟಕಿ ಮತ್ತು ಎಕ್ಸಾಸ್ಟ್ ಫ್ಯಾನಿನಿಂದ ಸರಿಹೋಗಬಹುದು. ಗೋಡೆಯ ಕಡೆಯ ಮೈ ಮೇಲಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಆಗ ಮೂಲ ಹುಡುಕಿ, ಅದನ್ನು ಸರಿ ಮಾಡಿ, ಗೋಡೆಯನ್ನು ಪೂರ್ತಿ ಒಣಗಿಸಿ, ಆಮೇಲೆ ಬಣ್ಣದ ಮಾತು.

ಬಿರುಕುಗಳಿಗೆ ಹೆದರಬೇಕಾ?

ಪ್ಲಾಸ್ಟರ್ ಮೇಲಿನ ಕೂದಲೆಳೆ ಬಿರುಕಿಗೆ ಸಾಮಾನ್ಯವಾಗಿ ಹೆದರಬೇಕಾಗಿಲ್ಲ. ಕಿಟಕಿ ಅಥವಾ ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟು ಗೋಡೆಯ ಎರಡೂ ಬದಿಗೆ ಕಾಣುವ ಬಿರುಕು, ಅಗಲವಾಗುತ್ತಾ ಹೋಗುವ ಬಿರುಕು, 5 ಮಿಲಿಮೀಟರಿಗಿಂತ ಅಗಲ ಇರುವಂಥದ್ದು, ಇವನ್ನು ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ಬೀಮಿನ ಉದ್ದಕ್ಕೂ ತುಕ್ಕಿನ ಕಲೆಯ ಜೊತೆ ಬಿರುಕಿದ್ದರೆ ತಡ ಮಾಡಬೇಡಿ. ಒಳಗಿನ ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ.

ಬಿರುಕು ಬೆಳೆಯುತ್ತಿದೆಯಾ ಅಂತ ನೋಡಲು ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದಿಡಿ. ಕೆಲವು ತಿಂಗಳ ನಂತರ ಗೆರೆ ದಾಟಿದೆಯಾ ನೋಡಿ.

ಬಜೆಟ್ ಹಾಕುವುದು ಹೇಗೆ?

ಎಷ್ಟು ಖರ್ಚಾಗುತ್ತದೆ ಅಂತ ಕೇಳುವ ಮೊದಲು, ಎಷ್ಟು ಖರ್ಚು ಮಾಡಬಲ್ಲೆವು ಅಂತ ಮನೆಯವರು ಕೂತು ತೀರ್ಮಾನಿಸಿ. ಮನೆ ನಡೆಸುವ ಖರ್ಚು, ಮಕ್ಕಳ ಫೀಸು, ಆಸ್ಪತ್ರೆಗೆ ಅಂತ ಇಟ್ಟ ಹಣ ಇವನ್ನು ಮುಟ್ಟದೆ ಉಳಿಯುವ ಮೊತ್ತವೇ ನಿಮ್ಮ ಮಿತಿ. ಅದನ್ನು 100 ಪಾಲು ಅಂತ ಇಟ್ಟುಕೊಳ್ಳಿ. ಅದರಲ್ಲಿ 15 ಪಾಲನ್ನು ಮೀಸಲು ಅಂತ ಮೊದಲೇ ಪಕ್ಕಕ್ಕೆ ತೆಗೆಯಿರಿ. ಎಲ್ಲ ಯೋಜನೆ ಉಳಿದ 85 ಪಾಲಿನಲ್ಲೇ ನಡೆಯಬೇಕು.

ಆ 85 ಪಾಲನ್ನು ಕೋಣೆವಾರು ಹಂಚಬೇಡಿ, ಕೆಲಸವಾರು ಹಂಚಿ. ಒಡೆಯುವುದು, ಗಾರೆ ಕೆಲಸ, ಪ್ಲಂಬಿಂಗ್, ವೈರಿಂಗ್, ವಾಟರ್‌ಪ್ರೂಫಿಂಗ್, ನೆಲ, ಮರಗೆಲಸ, ಬಣ್ಣ, ಫಿಟ್ಟಿಂಗ್. ಪ್ರತಿಯೊಂದಕ್ಕೂ ಎರಡು ಕಾಲಂ: ಸಾಮಾನು, ಕೂಲಿ. ಕೋಣೆವಾರು ಹಾಕಿದರೆ ಎಲ್ಲ ಕೋಣೆಗೂ ಸೇರಿದ ವೈರಿಂಗ್ ಎಲ್ಲಿ ಬರೆಯಬೇಕು ಅಂತ ಗೊತ್ತಾಗದೆ ಲೆಕ್ಕದಿಂದ ಜಾರಿಹೋಗುತ್ತದೆ.

ಹೆಚ್ಚಿನವರು ಮರೆಯುವ ಖರ್ಚುಗಳಿವೆ. ಒಡೆದ ಗೋಡೆ, ಟೈಲ್ಸ್ ಸಾಗಿಸುವ ಖರ್ಚು ಅದರಲ್ಲಿ ದೊಡ್ಡದು. ಗೋಡೆಯಾಗಿ ನಿಂತಿದ್ದಾಗಿನದಕ್ಕಿಂತ ಒಡೆದು ಗುಡ್ಡೆ ಹಾಕಿದಾಗ ಅದು ಎಷ್ಟೋ ಜಾಸ್ತಿ ಜಾಗ ಹಿಡಿಯುತ್ತದೆ, ಲೋಡುಗಳ ಸಂಖ್ಯೆ ಏರುತ್ತದೆ. ಸಾಮಾನು ಮೇಲಿನ ಮಹಡಿಗೆ ಹೊರುವ ಕೂಲಿ, ತೆರಿಗೆ, ಅನುಮತಿಯ ಶುಲ್ಕ, ಎಂಜಿನಿಯರ್ ಫೀಸು, ಕೆಲಸ ನಡೆಯುವಾಗ ಬೇರೆ ಕಡೆ ಉಳಿಯುವ ಬಾಡಿಗೆ, ಕೊನೆಯಲ್ಲಿ ಮನೆ ತೊಳೆಸುವ ಖರ್ಚು. ಒಂದೊಂದೂ ಸಣ್ಣದು, ಸೇರಿದರೆ ಒಂದು ಬಾತ್‌ರೂಮಿನ ಖರ್ಚಿಗೆ ಹತ್ತಿರ ಬರಬಹುದು.

ಮೀಸಲು ಹಣ ನಿಜವಾಗಿಯೂ ಬೇಕಾ? 15 ಪಾಲು ಜಾಸ್ತಿ ಆಯ್ತಲ್ವಾ?

ಬೇಕೇ ಬೇಕು. ಬರೀ ಬಣ್ಣ ಮತ್ತು ಮರಗೆಲಸ ಆದರೆ ಶೇಕಡಾ 10 ಸಾಕಾಗಬಹುದು. ಹಳೆಯ ಮನೆ, ಬಾತ್‌ರೂಮ್ ಅಥವಾ ಅಡುಗೆಮನೆ ಒಡೆಯುವುದಿದೆ ಅಂದರೆ ಶೇಕಡಾ 20ಕ್ಕೆ ಹೋಗಿ. ಟೈಲ್ಸ್ ಕಿತ್ತಾಗ ಕೆಳಗೆ ಕೊಳೆತ ಪೈಪ್ ಕಂಡರೆ ಅದನ್ನು ಮುಚ್ಚಿ ಮುಂದೆ ಹೋಗಲು ಆಗುವುದಿಲ್ಲ.

ಈ ಹಣದ ಬಗ್ಗೆ ಒಂದು ಎಚ್ಚರಿಕೆ. ಇದು ಗೋಡೆಯೊಳಗಿಂದ ಬರುವ ಖರ್ಚಿಗೆ ಮಾತ್ರ. ಇನ್ನೂ ಚಂದದ ನಲ್ಲಿ ಕಂಡಿತು, ಇನ್ನೊಂದು ದರ್ಜೆ ಮೇಲಿನ ಟೈಲ್ಸ್ ತಗೊಳ್ಳೋಣ ಅಂತ ಇದಕ್ಕೆ ಕೈ ಹಾಕಬೇಡಿ. ಕೊನೆಗೆ ಉಳಿದರೆ ಸೋಫಾ ತನ್ನಿ, ಆಗ ಯಾರೂ ಬೇಡ ಅನ್ನುವುದಿಲ್ಲ.

ಚದರ ಅಡಿಗೆ ಇಷ್ಟು ಅಂತ ದರ ಹೇಳುತ್ತಾರೆ. ನಂಬಬಹುದಾ?

ಮೊದಲ ಅಂದಾಜಿಗೆ ಮಾತ್ರ. ಒಪ್ಪಂದಕ್ಕೆ ಬೇಡ. 40 ಚದರ ಅಡಿಯ ಬಾತ್‌ರೂಮಿನಲ್ಲಿ ಪೈಪ್, ವಾಟರ್‌ಪ್ರೂಫಿಂಗ್, ಗೋಡೆ ಟೈಲ್ಸ್, ಕಮೋಡ್, ನಲ್ಲಿಗಳು ಎಲ್ಲ ಇರುತ್ತವೆ. 140 ಚದರ ಅಡಿಯ ಬೆಡ್‌ರೂಮಿನಲ್ಲಿ ಬಣ್ಣ ಮತ್ತು ನಾಲ್ಕು ಸ್ವಿಚ್ ಪಾಯಿಂಟ್ ಇರುತ್ತವೆ. ಎರಡನ್ನೂ ಒಂದೇ ದರದಲ್ಲಿ ಅಳೆದರೆ ಲೆಕ್ಕ ಎಲ್ಲೋ ಸುಳ್ಳಾಗಲೇಬೇಕು.

ಕೊಟೇಶನ್‌ಗಳನ್ನು ಹೇಗೆ ಹೋಲಿಸುವುದು?

ಕನಿಷ್ಠ ಮೂರು ತೆಗೆದುಕೊಳ್ಳಿ. ಆದರೆ ಮೂವರಿಗೂ ಕೆಲಸದ ಪಟ್ಟಿ ನೀವೇ ಬರೆದು ಕೊಡಿ, ಒಂದೇ ಪಟ್ಟಿ. ಅವರವರು ತಮ್ಮ ರೀತಿಯಲ್ಲಿ ಬರೆದುಕೊಟ್ಟರೆ ಹೋಲಿಸಲು ಆಗುವುದೇ ಇಲ್ಲ. "ಪೇಂಟಿಂಗ್, ಪೂರ್ತಿ ಮನೆ" ಅಂತ ಒಂದು ಸಾಲು ಇದ್ದರೆ ಅದರಲ್ಲಿ ಪುಟ್ಟಿ ಇದೆಯಾ, ಪ್ರೈಮರ್ ಇದೆಯಾ, ಎಷ್ಟು ಕೋಟ್, ಯಾವ ಬಣ್ಣ, ಕಿಟಕಿ ಗ್ರಿಲ್ ಸೇರಿದೆಯಾ ಅಂತ ಕೇಳಿ ಬರೆಸಿ. ಮರಗೆಲಸದಲ್ಲಿ ಪ್ಲೈವುಡ್ಡಿನ ದಪ್ಪ ಮತ್ತು ದರ್ಜೆ, ಲ್ಯಾಮಿನೇಟ್ ಒಳಗೂ ಹಚ್ಚುತ್ತಾರಾ ಅಥವಾ ಹೊರಗೆ ಮಾತ್ರವಾ, ಹಿಂಜ್ ಮತ್ತು ಚಾನೆಲ್ ಯಾವ ಕಂಪನಿಯದ್ದು ಅಂತ ಇರಬೇಕು.

ಒಬ್ಬರ ಮೊತ್ತ ಉಳಿದಿಬ್ಬರಿಗಿಂತ ತುಂಬಾ ಕಡಿಮೆ ಇದ್ದರೆ, ಅವರ ಪಟ್ಟಿಯಲ್ಲಿ ಏನು ಬಿಟ್ಟುಹೋಗಿದೆ ಅಂತ ಹುಡುಕಿ. ಸಾಮಾನ್ಯವಾಗಿ ಒಡೆದದ್ದನ್ನು ಸಾಗಿಸುವುದು, ವಾಟರ್‌ಪ್ರೂಫಿಂಗ್ ಅಥವಾ ತೆರಿಗೆ ಬಿಟ್ಟುಹೋಗಿರುತ್ತದೆ. ಕೆಲಸ ಅರ್ಧಕ್ಕೆ ಬಂದಾಗ ಅದೇ "ಎಕ್ಸ್‌ಟ್ರಾ" ಆಗಿ ನಿಮ್ಮ ಮುಂದೆ ಬರುತ್ತದೆ. ಅವರು ಹಿಂದೆ ಮಾಡಿದ ಒಂದು ಮನೆಯನ್ನಾದರೂ ನೋಡಿ ಬನ್ನಿ. ಮುಗಿದು ಒಂದೆರಡು ವರ್ಷ ಆದ ಮನೆ ಆದರೆ ಒಳ್ಳೆಯದು, ಆ ಹೊತ್ತಿಗೆ ಕೆಲಸದ ನಿಜ ಹೊರಗೆ ಬಂದಿರುತ್ತದೆ.

ಸಾಮಾನು ನಾವೇ ತರುವುದಾ, ಕಂಟ್ರಾಕ್ಟರಿಗೆ ಬಿಡುವುದಾ?

ನನ್ನ ಮಟ್ಟಿಗೆ ನಡುದಾರಿ ಒಳ್ಳೆಯದು. ಕಣ್ಣಿಗೆ ಕಾಣುವ, ನಿಮ್ಮ ರುಚಿಗೆ ಸಂಬಂಧಪಟ್ಟ ಟೈಲ್ಸ್, ನಲ್ಲಿ, ದೀಪ, ಕಮೋಡ್ ನೀವು ತನ್ನಿ. ಸಿಮೆಂಟ್, ಮರಳು, ಪೈಪ್, ಮೊಳೆ, ಅಂಟು ಇವನ್ನು ಕಂಟ್ರಾಕ್ಟರಿಗೆ ಬಿಡಿ, ಕಂಪನಿ ಮತ್ತು ದರ್ಜೆ ಮಾತ್ರ ಬರೆಸಿಕೊಳ್ಳಿ. ಎಲ್ಲವನ್ನೂ ನೀವೇ ತರಲು ಹೋದರೆ ಒಂದು ಮೊಳಕೈ ಪೈಪ್ ಇಲ್ಲ ಅಂತ ಇಬ್ಬರು ಕೆಲಸಗಾರರು ಅರ್ಧ ದಿನ ಕೂರುತ್ತಾರೆ, ಅವರ ಕೂಲಿ ನಿಮ್ಮ ಮೇಲೆಯೇ ಬರುತ್ತದೆ.

ಟೈಲ್ಸ್ ಎಷ್ಟು ಬೇಕು, ಬಣ್ಣ ಎಷ್ಟು ಬೇಕು ಅಂತ ಲೆಕ್ಕ ಹಾಕುವುದು ಹೇಗೆ?

12 ಅಡಿಗೆ 14 ಅಡಿಯ ಕೋಣೆ ಅಂದುಕೊಳ್ಳಿ. ನೆಲ 168 ಚದರ ಅಡಿ. ಕತ್ತರಿಸುವಾಗ ಹಾಳಾಗುವುದಕ್ಕೆ ಶೇಕಡಾ 10 ಸೇರಿಸಿದರೆ ಸುಮಾರು 185. ಟೈಲ್ 2 ಅಡಿ ಚೌಕದ್ದಾದರೆ ಒಂದಕ್ಕೆ 4 ಚದರ ಅಡಿ, ಅಂದರೆ 47 ಟೈಲ್ಸ್ ಬೇಕು. ಪೆಟ್ಟಿಗೆಗೆ 4 ಇದ್ದರೆ 12 ಪೆಟ್ಟಿಗೆ. ಓರೆಯಾಗಿ ಹಾಸುವುದಾದರೆ ಶೇಕಡಾ 15 ಸೇರಿಸಿ. ಗೋಡೆಯ ಬುಡದ ಸ್ಕರ್ಟಿಂಗ್ ಬೇರೆ ಲೆಕ್ಕ.

ಪೆಟ್ಟಿಗೆಯ ಮೇಲೆ ಬ್ಯಾಚ್ ಮತ್ತು ಶೇಡ್ ನಂಬರ್ ಇರುತ್ತದೆ. ಒಂದು ಕೋಣೆಗೆ ಬರುವ ಎಲ್ಲ ಪೆಟ್ಟಿಗೆಗೂ ಒಂದೇ ನಂಬರ್ ಇರಲಿ. ಕಡಿಮೆ ಬಿದ್ದು ಆಮೇಲೆ ತಂದರೆ ಅದೇ ಹೆಸರಿನ ಟೈಲ್ ಕೂಡ ಬಣ್ಣದಲ್ಲಿ ಸ್ವಲ್ಪ ಬೇರೆ ಕಾಣಬಹುದು.

ಬಣ್ಣಕ್ಕೆ ಗೋಡೆ ಅಳೆಯಿರಿ. ಅದೇ ಕೋಣೆಯ ಸುತ್ತಳತೆ 52 ಅಡಿ, ಎತ್ತರ 10 ಅಡಿ ಆದರೆ 520 ಚದರ ಅಡಿ. ಬಾಗಿಲು ಮತ್ತು ಕಿಟಕಿಗೆ ಸುಮಾರು 40 ಕಳೆಯಿರಿ, ಸೀಲಿಂಗಿಗೆ 168 ಸೇರಿಸಿ. ಒಟ್ಟು 650ರ ಹತ್ತಿರ. ಡಬ್ಬಿಯ ಮೇಲೆ ಒಂದು ಲೀಟರಿಗೆ ಎಷ್ಟು ಚದರ ಅಡಿ ಬರುತ್ತದೆ ಅಂತ ಬರೆದಿರುತ್ತಾರೆ. ಅದು ಒಂದು ಕೋಟ್‌ಗಾ, ಎರಡು ಕೋಟ್‌ಗಾ ಅಂತ ನೋಡಿಕೊಳ್ಳಿ.

ಇದೆಲ್ಲ ಮೇಸ್ತ್ರಿ ಹೇಳುತ್ತಾರಲ್ವಾ ಅನ್ನಬಹುದು. ಹೇಳುತ್ತಾರೆ. ಆದರೆ ನಿಮ್ಮ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಅವರ ಲೆಕ್ಕ ಎಲ್ಲಿ ಬೇರೆಯಾಗಿದೆ ಅಂತ ಕೇಳಬಹುದು.

ನಡುಗೋಡೆ ಒಡೆದು ಹಾಲ್ ದೊಡ್ಡದು ಮಾಡಬಹುದಾ?

ಕೆಲವು ಮನೆಯಲ್ಲಿ ಆಗುತ್ತದೆ, ಕೆಲವು ಮನೆಯಲ್ಲಿ ಆಗುವುದೇ ಇಲ್ಲ. ಕಂಬ ಮತ್ತು ಬೀಮಿನ ಮೇಲೆ ನಿಂತ ಮನೆಯಲ್ಲಿ ನಡುಗೋಡೆ ಬರೀ ತಡೆಗೋಡೆ ಆಗಿರಬಹುದು. ಕಂಬಗಳಿಲ್ಲದ ಹಳೆಯ ಮನೆಯಲ್ಲಿ ಗೋಡೆಗಳೇ ತಾರಸಿಯ ಭಾರ ಹೊತ್ತಿರುತ್ತವೆ. ಗೋಡೆಯ ದಪ್ಪ ನೋಡಿ, ತಟ್ಟಿ ನೋಡಿ ಇದನ್ನು ಹೇಳಲು ಬರುವುದಿಲ್ಲ. ಇಲ್ಲಿ ಮೇಸ್ತ್ರಿಯ ಅನುಭವ ಎಷ್ಟೇ ದೊಡ್ಡದಿರಲಿ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ, ಲಿಖಿತವಾಗಿ ಹೇಳಬೇಕು. ಅವರ ಫೀಸು ಉಳಿಸಲು ಹೋಗುವ ಜಾಗ ಇದಲ್ಲ, ಜೀವದ ಪ್ರಶ್ನೆ.

ಭಾರ ಹೊರುವ ಗೋಡೆಯನ್ನು ತೆಗೆಯಲೇಬೇಕು ಅಂದರೆ ಮೇಲಿನ ಭಾರಕ್ಕೆ ತಾತ್ಕಾಲಿಕ ಆಸರೆ ಕೊಟ್ಟು, ಬೀಮು ಕೂರಿಸಿ, ಅದರ ಭಾರ ಎಲ್ಲಿಗೆ ಇಳಿಯುತ್ತದೆ ಅಂತ ಲೆಕ್ಕ ಹಾಕಿ ಮಾಡುತ್ತಾರೆ. ಖರ್ಚು ಬರೀ ಗೋಡೆ ಒಡೆಯುವ ಖರ್ಚಿನ ಎಷ್ಟೋ ಪಟ್ಟು. ಇನ್ನೊಂದು ವಿಷಯ: ವೈರಿಂಗಿಗೆ ಅಂತ ಇಂಥ ಗೋಡೆಯಲ್ಲಿ ಅಡ್ಡಡ್ಡ ಆಳವಾಗಿ ಕೊರೆಯಲು ಬಿಡಬೇಡಿ. ಅಡ್ಡ ಕೊರೆತ ಗೋಡೆಯನ್ನು ಉದ್ದುದ್ದ ಕೊರೆತಕ್ಕಿಂತ ಜಾಸ್ತಿ ದುರ್ಬಲ ಮಾಡುತ್ತದೆ.

ಅನುಮತಿ ಬೇಕಾ?

ಒಳಗಿನ ಬಣ್ಣ, ಟೈಲ್ಸ್, ಕಪಾಟಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಕೋಣೆ ಸೇರಿಸುವುದು, ಮಹಡಿ ಏರಿಸುವುದು, ಭಾರ ಹೊರುವ ಗೋಡೆ ಮುಟ್ಟುವುದು, ಮನೆಯ ಹೊರರೂಪ ಬದಲಿಸುವುದು ಇದ್ದರೆ ನಿಮ್ಮ ಊರಿನ ಕಟ್ಟಡ ನಿಯಮ ಏನು ಹೇಳುತ್ತದೆ ಅಂತ ಮೊದಲೇ ವಿಚಾರಿಸಿ. ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆ ಪತ್ರ ಪಡೆಯಿರಿ, ಕೆಲಸದ ಹೊತ್ತು ಮತ್ತು ಲಿಫ್ಟ್ ಬಳಕೆಯ ನಿಯಮ ಕೇಳಿಕೊಳ್ಳಿ. ದಿನಕ್ಕೆ ಆರು ಗಂಟೆ ಮಾತ್ರ ಸದ್ದು ಮಾಡಬಹುದು ಅಂತಿದ್ದರೆ ನಿಮ್ಮ ದಿನಗಳ ಲೆಕ್ಕವೇ ಬದಲಾಗುತ್ತದೆ.

ಹಳೆ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಹಾಕಿದರೆ ದುಡ್ಡು ಉಳಿಯುತ್ತದೆ ಅಲ್ವಾ?

ಉಳಿಯುತ್ತದೆ, ಎರಡು ಷರತ್ತಿನ ಮೇಲೆ. ಹಳೆಯ ಟೈಲ್ಸ್ ಗಟ್ಟಿಯಾಗಿ ಅಂಟಿಕೊಂಡಿರಬೇಕು. ನಾಣ್ಯದಿಂದ ಒಂದೊಂದನ್ನೂ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಕಿತ್ತು ಸರಿ ಮಾಡಬೇಕು. ಎರಡನೆಯದು, ಟೈಲ್ ಮೇಲೆ ಟೈಲ್ ಅಂಟಿಸಲು ತಯಾರಾದ ಅಂಟನ್ನೇ ಬಳಸಬೇಕು. ನುಣುಪಾದ ಮೈಗೆ ಸಾದಾ ಸಿಮೆಂಟ್ ಹಿಡಿಯುವುದಿಲ್ಲ.

ನೆಲ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಏರುತ್ತದೆ, ಬಾಗಿಲುಗಳ ಕೆಳಗೆ ಕತ್ತರಿಸಬೇಕಾಗಬಹುದು. ಮೇಲಿನ ಮಹಡಿಯಲ್ಲಿ ಹಳೆಯ ನೆಲದ ಮೇಲೆ ಮತ್ತೆ ಗಾರೆ ಹಾಕಿ ಟೈಲ್ಸ್ ಕೂರಿಸುತ್ತೇವೆ ಅಂದರೆ ಮಾತ್ರ ಒಪ್ಪಬೇಡಿ. 5 ಸೆಂಟಿಮೀಟರ್ ದಪ್ಪದ ಗಾರೆ ಒಂದು ಚದರ ಮೀಟರಿಗೆ ಸುಮಾರು 100 ಕೆಜಿ ತೂಗುತ್ತದೆ. 15 ಚದರ ಮೀಟರ್ ಕೋಣೆಗೆ ಒಂದೂವರೆ ಟನ್ ಹೊಸ ಭಾರ. ಟೈಲ್ಸಿನ ತೂಕ ಅದರ ಮೇಲೆ. ಬಾತ್‌ರೂಮಿನಲ್ಲಿ ಮೊದಲೇ ಸೋರಿಕೆ ಇದ್ದರೆ ಈ ದಾರಿಯೇ ಬೇಡ, ಕಿತ್ತು ಮಾಡಿಸಿ.

ಬಾತ್‌ರೂಮಿಗೆ ಯಾಕೆ ಅಷ್ಟೊಂದು ಖರ್ಚು? ಎಲ್ಲಿ ಉಳಿಸಬಹುದು?

ಸಣ್ಣ ಜಾಗದಲ್ಲಿ ಗಾರೆಯವರು, ಪ್ಲಂಬರ್, ಎಲೆಕ್ಟ್ರಿಷಿಯನ್, ವಾಟರ್‌ಪ್ರೂಫಿಂಗಿನವರು, ಟೈಲ್ಸಿನವರು ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಕೆಲಸ ಮಾಡಬೇಕು. ಕೂಲಿ ಅಲ್ಲೇ ಏರುತ್ತದೆ.

ಉಳಿಸುವ ದೊಡ್ಡ ದಾರಿ ಎಂದರೆ ಕಮೋಡನ್ನು ಇದ್ದ ಜಾಗದಲ್ಲೇ ಬಿಡುವುದು. ಅದನ್ನು ಸರಿಸಿದರೆ ದಪ್ಪ ಪೈಪನ್ನು ಇಳಿಜಾರು ಕೊಟ್ಟು ಎಳೆಯಬೇಕು, ನೆಲ ಎತ್ತರಿಸಬೇಕಾಗಬಹುದು. ಗೋಡೆ ಟೈಲ್ಸ್ ಸಾದಾ ಇರಲಿ, ನಲ್ಲಿ ಮಧ್ಯಮ ದರ್ಜೆಯದ್ದಿರಲಿ. ಉಳಿಸಬಾರದ್ದು ವಾಟರ್‌ಪ್ರೂಫಿಂಗ್‌ನಲ್ಲಿ ಮತ್ತು ಗೋಡೆಯೊಳಗೆ ಹೋಗುವ ಭಾಗಗಳಲ್ಲಿ.

ಪೈಪ್ ಕೆಲಸ ಶುರುವಾಗುವ ಮೊದಲೇ ನಲ್ಲಿ, ಶವರ್, ಕಮೋಡ್ ಯಾವುದು ಅಂತ ತೀರ್ಮಾನ ಆಗಿರಬೇಕು. ಗೋಡೆಯಿಂದ ಬರುವ ನಲ್ಲಿಗೂ ಬೇಸಿನ್ ಮೇಲೆ ಕೂರುವ ನಲ್ಲಿಗೂ ಪೈಪ್ ಬೇರೆ ಎತ್ತರದಲ್ಲಿ ಬರುತ್ತದೆ. ಕಮೋಡಿನ ಹೊರದಾರಿ ನೆಲಕ್ಕಾ ಗೋಡೆಗಾ, ಗೋಡೆಯಿಂದ ಎಷ್ಟು ದೂರ, ಇದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಆಮೇಲೆ ನೋಡೋಣ ಅಂದವರು ಹೊಸ ಗೋಡೆಯನ್ನೇ ಮತ್ತೆ ಒಡೆಸುತ್ತಾರೆ.

ನೆಲದ ಇಳಿಜಾರು 80ಕ್ಕೆ 1ರಷ್ಟಾದರೂ ಇರಲಿ. ಜಾಲಿಯಿಂದ ದೂರದ ಮೂಲೆ 2400 ಮಿಲಿಮೀಟರ್ ಇದ್ದರೆ ಆ ಮೂಲೆ 30 ಮಿಲಿಮೀಟರ್ ಎತ್ತರ ಇರಬೇಕು. ವಾಟರ್‌ಪ್ರೂಫಿಂಗ್ ಮುಗಿದು ಒಣಗಿದ ಮೇಲೆ, ಟೈಲ್ಸ್ ಹಾಕುವ ಮುಂಚೆ ಜಾಲಿಯನ್ನು ಮುಚ್ಚಿ, ನೆಲದ ಮೇಲೆ ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆ ಮೇಲೆ ಗೆರೆ ಎಳೆಯಿರಿ. ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಟ್ಟು, ಮಟ್ಟ ಇಳಿದಿದೆಯಾ, ಕೆಳಗಿನ ಸೀಲಿಂಗ್ ಒದ್ದೆಯಾಗಿದೆಯಾ ನೋಡಿ. ಟೈಮ್ ಇಲ್ಲ ಸಾರ್ ಅಂತ ಯಾರೇ ಹೇಳಲಿ, ಈ ಪರೀಕ್ಷೆ ಬಿಡಬೇಡಿ. ಹಾಗೆಯೇ ಗೋಡೆಯೊಳಗಿನ ಪೈಪಿಗೆ ಒತ್ತಡ ಕೊಟ್ಟು ಪರೀಕ್ಷೆ ಮಾಡಿದ ಮೇಲೆಯೇ ಪ್ಲಾಸ್ಟರ್.

ವೈರಿಂಗ್ ಪೂರ್ತಿ ಬದಲಿಸಬೇಕಾ?

ಅರ್ತಿಂಗ್ ಇಲ್ಲದಿದ್ದರೆ, ವೈರಿನ ಹೊದಿಕೆ ಪುಡಿಪುಡಿಯಾಗುತ್ತಿದ್ದರೆ, ಸ್ವಿಚ್ ಬೋರ್ಡ್ ಬಿಸಿಯಾಗುತ್ತಿದ್ದರೆ ಹೌದು. ಗೀಸರ್, ಎಸಿ, ಓವನ್‌ಗೆ ಬೇರೆ ಬೇರೆ ಲೈನ್ ಬೇಕು. 3000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ದೀಪದ ಲೈನಿಗೆ ಅದನ್ನು ಕೊಟ್ಟರೆ ವೈರ್ ಕಾಯುತ್ತದೆ. ಮುಖ್ಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿಗೆ ಟ್ರಿಪ್ ಆಗುವ ಆರ್‌ಸಿಸಿಬಿ ಹಾಕಿಸಿ. ಶಾಕ್ ಹೊಡೆದಾಗ ಕರೆಂಟನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದು ಪ್ರಾಣ ಉಳಿಸುವುದು ಇದೇ.

ಗೋಡೆ ಮುಚ್ಚುವ ಮುಂಚೆ ಪೈಪ್ ಮತ್ತು ವೈರ್ ಹೋದ ದಾರಿಯ ಫೋಟೋ ತೆಗೆದಿಡಿ, ಅಳತೆ ಟೇಪ್ ಹಿಡಿದು. ಮುಂದೆ ಮೊಳೆ ಹೊಡೆಯುವಾಗ ಈ ಫೋಟೋಗಳು ತುಂಬಾ ಉಪಯೋಗಕ್ಕೆ ಬರುತ್ತವೆ.

ಹಳೆಯ ಬಣ್ಣ ಕೆರೆಸುವಾಗ, ಶೀಟ್ ತೆಗೆಸುವಾಗ ಅಪಾಯ ಇದೆಯಾ?

ಇದೆ. ಬಹಳ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಿದರೆ ಆ ದೂಳು ಮೈಗೆ ಸೇರುತ್ತದೆ, ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಟ್ಟದ್ದು. ನೀರು ಹಚ್ಚಿ ಉಜ್ಜಬೇಕು. ಮಕ್ಕಳು ಮತ್ತು ಗರ್ಭಿಣಿಯರು ಆ ದಿನಗಳಲ್ಲಿ ಮನೆಯಲ್ಲಿ ಇರಬಾರದು. ಹಳೆಯ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಅದರ ನವಿರಾದ ನಾರು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಅದನ್ನು ಒಡೆಯಬಾರದು, ಕೊರೆಯಬಾರದು, ಗರಗಸ ಹಾಕಬಾರದು. ತಿಳಿದವರನ್ನು ಕರೆಸಿ ಇಡಿಯಾಗಿ ಇಳಿಸಬೇಕು. ಕೆಲಸಗಾರರಿಗೂ ಇದನ್ನು ಹೇಳುವುದು ಮನೆಯವರ ಜವಾಬ್ದಾರಿ, ಅವರ ಎದೆಯೂ ನಮ್ಮ ಎದೆಯಂಥದ್ದೇ.

ಎಷ್ಟು ದಿನ ಹಿಡಿಯುತ್ತದೆ?

ಕೆಲಸದ ದಿನಗಳ ಜೊತೆ ಕಾಯುವ ದಿನಗಳನ್ನೂ ಎಣಿಸಿ. ಹೊಸ ಪ್ಲಾಸ್ಟರಿಗೆ ಕನಿಷ್ಠ ಒಂದು ವಾರ ನೀರುಣಿಸಬೇಕು, ಆಮೇಲೆ ಅದು ಒಣಗಬೇಕು. ಕಾಂಕ್ರೀಟಿನ ಗಟ್ಟಿತನವನ್ನು ಅಳೆಯುವುದೇ 28ನೇ ದಿನಕ್ಕೆ. ಒದ್ದೆ ಗೋಡೆಗೆ ಬಣ್ಣ ಹೊಡೆದು ದಿನ ಉಳಿಸಿದರೆ ಆ ಬಣ್ಣ ನಿಲ್ಲುವುದಿಲ್ಲ.

ಕೆಲಸದ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ಒಡೆಯುವುದು, ಗಾರೆ, ಗೋಡೆಯೊಳಗಿನ ಪೈಪ್ ಮತ್ತು ವೈರ್, ಪ್ಲಾಸ್ಟರ್, ವಾಟರ್‌ಪ್ರೂಫಿಂಗ್, ನೆಲ, ಮರಗೆಲಸ, ಬಣ್ಣ, ಕೊನೆಗೆ ಸ್ವಿಚ್, ನಲ್ಲಿ, ದೀಪ. ಬಣ್ಣದ ಕೊನೆಯ ಕೋಟನ್ನು ಎಲ್ಲ ಮುಗಿದ ಮೇಲೆ ಹೊಡೆಸಿ. ತಾರಸಿ ಮತ್ತು ಹೊರಗೋಡೆಯ ಕೆಲಸವನ್ನು ಮಳೆಯ ತಿಂಗಳುಗಳಿಗೆ ಬಿಡಬೇಡಿ.

ಹಣ ಯಾವಾಗ ಎಷ್ಟು ಕೊಡಬೇಕು?

ಯಾವತ್ತೂ ಮುಗಿದ ಕೆಲಸಕ್ಕಿಂತ ಕೊಟ್ಟ ಹಣ ಮುಂದೆ ಓಡಬಾರದು. ಅಡ್ವಾನ್ಸ್ ಶೇಕಡಾ 10ರ ಸುತ್ತ ಇರಲಿ. ಉಳಿದದ್ದು ತಾರೀಕಿನ ಮೇಲೆ ಬೇಡ, ಹಂತದ ಮೇಲೆ ಇರಲಿ: ಪೈಪ್ ಪರೀಕ್ಷೆ ಮುಗಿದಾಗ ಇಷ್ಟು, ಟೈಲ್ಸ್ ಮುಗಿದಾಗ ಇಷ್ಟು. ಕೊನೆಯ ಶೇಕಡಾ 5ರಿಂದ 10 ಭಾಗವನ್ನು ಸಣ್ಣಪುಟ್ಟ ತಿದ್ದುಪಡಿ ಎಲ್ಲ ಮುಗಿಯುವ ತನಕ ಇಟ್ಟುಕೊಳ್ಳಿ, ಇದನ್ನು ಒಪ್ಪಂದದಲ್ಲೇ ಬರೆಯಿರಿ. ಅದೇ ರೀತಿ ಹಂತ ಮುಗಿದ ದಿನವೇ ಹಣ ಕೊಡಿ. ಕೂಲಿಯವರು ವಾರದ ಸಂಬಳ ನಂಬಿ ಬದುಕುತ್ತಾರೆ, ಅವರನ್ನು ಕಾಯಿಸುವುದು ನ್ಯಾಯ ಅಲ್ಲ.

ಮಧ್ಯದಲ್ಲಿ ಮನಸ್ಸು ಬದಲಾದರೆ?

ಬದಲಾಗುತ್ತದೆ, ಸಹಜ. ಬಾಯಿಮಾತಲ್ಲಿ ಮಾತ್ರ ಬಿಡಬೇಡಿ. ಏನು ಬದಲಾಯಿತು, ಎಷ್ಟು ಜಾಸ್ತಿ ಅಥವಾ ಕಡಿಮೆ, ಎಷ್ಟು ದಿನ ಮುಂದೆ ಹೋಗುತ್ತದೆ, ಈ ಮೂರನ್ನು ಒಂದು ಮೆಸೇಜಿನಲ್ಲಿ ಬರೆದು ಇಬ್ಬರೂ ಒಪ್ಪಿದ ಮೇಲೆ ಕೆಲಸ ಮುಂದುವರಿಯಲಿ. ಜಗಳಗಳು ಹೆಚ್ಚಾಗಿ ಹುಟ್ಟುವುದು "ಅವತ್ತು ನೀವೇ ಹೇಳಿದ್ರಲ್ಲಾ" ಅನ್ನುವ ಮಾತಿನಿಂದ.

ಸಾಲ ಮಾಡಿ ರಿನೋವೇಶನ್ ಮಾಡಬಹುದಾ?

ಸೋರುವ ಮನೆ, ಅಪಾಯದ ವೈರಿಂಗ್ ಸರಿ ಮಾಡಲು ಸಾಲ ಮಾಡಿದರೆ ತಪ್ಪಿಲ್ಲ. ಅಲಂಕಾರಕ್ಕೆ ಸಾಲ ಮಾಡುವುದನ್ನು ನಾನು ಒಪ್ಪುವುದಿಲ್ಲ. ಲೆಕ್ಕ ನೋಡಿ: ವರ್ಷಕ್ಕೆ ಶೇಕಡಾ 10ರ ಬಡ್ಡಿಯಲ್ಲಿ 100 ತೆಗೆದುಕೊಂಡು ತಿಂಗಳ ಕಂತಿನಲ್ಲಿ 5 ವರ್ಷ ತೀರಿಸಿದರೆ ಒಟ್ಟು ಸುಮಾರು 127 ಕಟ್ಟುತ್ತೀರಿ. 10 ವರ್ಷಕ್ಕೆ ಎಳೆದರೆ ಸುಮಾರು 159. ಕಂತು ಸಣ್ಣದಾಗಿ ಕಾಣುತ್ತದೆ, ಹೋಗುವ ಹಣ ದೊಡ್ಡದು. ಎರಡು ಹಂತದಲ್ಲಿ ಮಾಡಿದರೆ ಸಾಲ ತಪ್ಪುತ್ತದೆ ಅಂತಿದ್ದರೆ ಹಾಗೇ ಮಾಡಿ.

ಕೆಲಸ ನಡೆಯುವಾಗ ಅದೇ ಮನೆಯಲ್ಲಿ ಇರಬಹುದಾ?

ಒಂದೆರಡು ಕೋಣೆಯ ಬಣ್ಣ ಆದರೆ ಇರಬಹುದು. ಅಡುಗೆಮನೆ ಮತ್ತು ಇರುವ ಒಂದೇ ಬಾತ್‌ರೂಮ್ ಒಡೆಯುವುದಾದರೆ, ಮನೆಯಲ್ಲಿ ಉಬ್ಬಸದವರು, ಹಸುಗೂಸು, ತೀರಾ ವಯಸ್ಸಾದವರು ಇದ್ದರೆ ಬೇರೆ ಕಡೆ ಹೋಗಿ. ಇರಲೇಬೇಕಾದರೆ ಒಂದು ಬಾತ್‌ರೂಮ್ ಮತ್ತು ಒಂದು ಕೋಣೆಯನ್ನು ಕೆಲಸಕ್ಕೆ ಕೊಡದೆ ಇಟ್ಟುಕೊಂಡು, ಅದರ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಸಿ.

ಕೆಲಸ ಮುಗಿಯಿತು ಅಂತ ಹೇಳಿದಾಗ ಏನೇನು ನೋಡಬೇಕು?

ಹಗಲು ಬೆಳಕಿನಲ್ಲಿ ಹೋಗಿ. ಎಲ್ಲ ನಲ್ಲಿ ಒಟ್ಟಿಗೆ ತಿರುಗಿಸಿ, ನೀರಿನ ರಭಸ ನೋಡಿ. ಬಾತ್‌ರೂಮಿನ ನೆಲಕ್ಕೆ ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ಟೈಲ್ಸ್ ತಟ್ಟಿ ನೋಡಿ. ಎಲ್ಲ ಪ್ಲಗ್ ಪಾಯಿಂಟಿಗೂ ಮೊಬೈಲ್ ಚಾರ್ಜರ್ ಹಾಕಿ ನೋಡಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಕಪಾಟಿನ ಎಲ್ಲ ಬಾಗಿಲು, ಡ್ರಾಯರ್ ಎಳೆದು ನೋಡಿ. ಕಿಟಕಿ ಪೂರ್ತಿ ತೆರೆಯುತ್ತದೆಯಾ, ಚಿಲಕ ಬೀಳುತ್ತದೆಯಾ ನೋಡಿ. ತಪ್ಪು ಕಂಡ ಕಡೆ ಬಣ್ಣದ ಟೇಪ್ ತುಂಡು ಅಂಟಿಸಿ, ಒಂದೇ ಪಟ್ಟಿ ಮಾಡಿ ಕೊಡಿ. ದಿನಕ್ಕೊಂದು ಹೇಳಿದರೆ ಕೆಲಸದವರು ಬರುವುದನ್ನೇ ನಿಲ್ಲಿಸುತ್ತಾರೆ.

ಉಳಿದ ಸಾಮಾನು, ಬಿಲ್ಲುಗಳನ್ನು ಏನು ಮಾಡುವುದು?

ಪ್ರತಿ ಬಗೆಯ ಟೈಲ್ಸಿನ ಒಂದು ಪೆಟ್ಟಿಗೆ ಇಟ್ಟುಕೊಳ್ಳಿ. ಮುಂದೆ ಒಂದು ಒಡೆದರೆ ಅದೇ ಬ್ಯಾಚ್ ಸಿಗುವುದಿಲ್ಲ. ಪ್ರತಿ ಬಣ್ಣದ ಕಂಪನಿ, ಹೆಸರು, ಶೇಡ್ ನಂಬರನ್ನು ಕೋಣೆವಾರು ಬರೆದಿಡಿ. ಬಿಲ್ಲು, ಗ್ಯಾರಂಟಿ ಕಾರ್ಡ್, ಎಂಜಿನಿಯರ್ ಕೊಟ್ಟ ಪತ್ರ, ಗೋಡೆಯೊಳಗಿನ ಫೋಟೋಗಳು, ಒಪ್ಪಂದದ ಪ್ರತಿ ಎಲ್ಲ ಒಂದೇ ಫೈಲಿನಲ್ಲಿರಲಿ. ತೆರೆಯದ ಟೈಲ್ಸ್ ಪೆಟ್ಟಿಗೆಗಳನ್ನು ವಾಪಸ್ ತಗೊಳ್ಳುತ್ತಾರಾ, ಎಷ್ಟು ದಿನದೊಳಗೆ ಅಂತ ಕೊಳ್ಳುವಾಗಲೇ ಬಿಲ್ಲಿನ ಮೇಲೆ ಬರೆಸಿಕೊಂಡಿದ್ದರೆ ಈಗ ಆ ಹಣವೂ ಕೈಗೆ ಬರುತ್ತದೆ.